ಒಂದು ಸ್ವೆಟರಿನ ಸಮಾನ ಹಂಚಿಕೆ

ನಮ್ಮ ಉಡುಗೊರೆ ಸ್ವೀಕಾರ ಮತ್ತು ಸಮಾನ ಹಂಚಿಕೆ ಕಚೇರಿ ಆರಂಭವಾದಂದಿನಿಂದ ಇಂದಿನವರೆಗೆ ಅನಾಥಾಲಯದ ಯಾವ ಮಗುವಿಗೂ ಮತ್ತೊಂದು ಮಗುವಿಗಿಂತ ಹೆಚ್ಚಿನದೇನೂ ಸಿಕ್ಕಿಲ್ಲ. ಇದಕ್ಕಾಗಿ ನಾವು ಪಡುವ ಪಾಡು ನಮಗೇ ಗೊತ್ತು. ಹೊರಗಿನವರು ಬಾಯಿಗೆ ಬಂದಂತೆ ಆಡಿಕೊಳ್ಳುತ್ತಾರೆ. ಆದ್ದರಿಂದ ಸ್ವೆಟರ್ ಪ್ರಕರಣದಲ್ಲಿ ನಡೆದದ್ದೇನು ಎಂಬುದನ್ನು, ಸಂಬಂಧಪಟ್ಟ ಗುಮಾಸ್ತನಾಗಿ ನಾನೇ ತಿಳಿಸುವುದು ಉಚಿತ.

ಚಳಿಗಾಲ ಶುರುವಾಗುವ ಹೊತ್ತಿಗೆ ಒಬ್ಬ ವಯಸ್ಸಾದ ಹೆಂಗಸು ನಮ್ಮ ಕೌಂಟರಿಗೆ ಬಂದರು. ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು; ಅನಾಥಾಲಯದ ಮಕ್ಕಳ ಬಾಯಲ್ಲಿ ಸಿಸ್ಟರಜ್ಜಿ. ಕೈಯಲ್ಲೊಂದು ಪುಟ್ಟ ಹಸಿರು ಸ್ವೆಟರ್. ಕುತ್ತಿಗೆಯ ಪಟ್ಟಿಯನ್ನು ದಪ್ಪಗೆ ಹೆಣೆದಿದ್ದರು. ಎದೆಗೆ ಗಾಳಿ ನುಗ್ಗಬಾರದೆಂದು ಗುಂಡಿಗಳನ್ನು ಭುಜದ ಮೇಲೆ ಕೂರಿಸಿದ್ದರು. ಕೆಲಸ ಅಚ್ಚುಕಟ್ಟಾಗಿತ್ತು ಎಂಬುದನ್ನು ಒಪ್ಪಲೇಬೇಕು. ನಾನು ಸ್ವೀಕಾರದ ಮೊಹರು ಒತ್ತಿದೆ.

“ಇದು ಗುಬ್ಬಿಗೆ,” ಎಂದರು.

ಗುಬ್ಬಿ ಅನಾಥಾಲಯದ ಚಿಕ್ಕ ಹುಡುಗಿ. ದಿನ ತುಂಬುವ ಮೊದಲೇ ಸಿಸ್ಟರಜ್ಜಿಯ ವಾರ್ಡಿನಲ್ಲಿ ಹುಟ್ಟಿದವಳು. ಹೆತ್ತವರು ಅಲ್ಲೇ ಬಿಟ್ಟುಹೋಗಿದ್ದರು. ಚಳಿ ಬಿದ್ದರೆ ಸಾಕು, ಅವಳಿಗೆ ಎದೆ ಕಟ್ಟಿಕೊಳ್ಳುತ್ತದೆ.

“ಅವಳಿಗೆ ಮಾತ್ರ ಅಂದ್ರೆ ಹೇಗಮ್ಮ? ಉಳಿದವರು ಏನು ಪಾಪ ಮಾಡಿದ್ರು?” ಎಂದೆ.

“ಉಳಿದವರಿಗೆ ಎದೆ ಕಟ್ಟಲ್ವಲ್ಲಪ್ಪ, ಇವಳಿಗೆ ಕಟ್ಟುತ್ತೆ. ಎಲ್ಲರಿಗೂ ಹೆಣೆಯೋ ಆಸೆ ನನಗೂ ಇದೆ. ಇದೊಂದು ಮುಗಿಸೋ ಅಷ್ಟರಲ್ಲೇ ಬೆರಳೆಲ್ಲ ಸೆಟೆದುಕೊಂಡು ಹೋದ್ವು.”

ನಾನು ಗೋಡೆಯ ಮೇಲಿನ ಫಲಕವನ್ನು ತೋರಿಸಿದೆ. ‘ವೈಯಕ್ತಿಕ ಪ್ರೀತಿಯಿಂದ ತಯಾರಿಸಿದ ಯಾವುದೇ ವಸ್ತುವು ಸ್ವೀಕಾರವಾದ ಕ್ಷಣದಿಂದ ಸಾರ್ವಜನಿಕ ಪ್ರೀತಿಯಾಗಿ ಪರಿವರ್ತನೆ ಹೊಂದತಕ್ಕದ್ದು.’

ಸಿಸ್ಟರಜ್ಜಿ ಕನ್ನಡಕ ಏರಿಸಿ ಎರಡು ಸಲ ಓದಿದರು. “ಹಾಗಿದ್ರೆ ವಾಪಸ್ ಕೊಡಿ. ನಾನೇ ಹೋಗಿ ಅವಳಿಗೆ ಹಾಕಿ ಬರ್ತೀನಿ.”

“ಮೊಹರು ಬಿದ್ದುಹೋಯ್ತಲ್ಲಮ್ಮ. ಈಗ ತಗೊಂಡು ಹೋದ್ರೆ ಅನಾಥ ಮಕ್ಕಳ ಆಸ್ತಿ ಕದ್ದ ಹಾಗಾಗುತ್ತೆ.”

ತಮ್ಮ ವಯಸ್ಸಿಗೆ ಅಂಥ ಆರೋಪ ಶೋಭಿಸುವುದಿಲ್ಲವೆಂದು ಅವರಿಗೇ ಅನ್ನಿಸಿರಬೇಕು, ಹೊರಟುಹೋದರು.

ವಿಷಯ ನಿರ್ದೇಶಕರ ಮುಂದೆ ಹೋಯಿತು. ನಮ್ಮ ನಿರ್ದೇಶಕರು ಸಮಾನತೆಯ ವಿಷಯದಲ್ಲಿ ಬೆಂಕಿ. ಕೊಠಡಿಯಲ್ಲಿ ಹೀಟರಿನ ಪಕ್ಕ ಕುಳಿತು ಸ್ವೆಟರನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಸರ್, ಆ ಮಗೂಗೆ ಕೆಮ್ಮು ಇದೆಯಂತೆ,” ಎಂದೆ.

“ಸಮಾನತೆ ಅಂದ್ರೆ ಸಮಾನತೆ ಕಣ್ರೀ. ಅದರೊಳಗೆ ಕೆಮ್ಮು ಗಿಮ್ಮು ಅಂತೆಲ್ಲ ತರಬೇಡಿ,” ಎಂದರು.

ಮೊದಲು ಸರದಿ ಪದ್ಧತಿ ಜಾರಿಗೆ ಬಂತು. ಗಂಟೆ ಬಾರಿಸಿದಾಗ ಒಂದು ಮಗು ಸ್ವೆಟರ್ ಬಿಚ್ಚಬೇಕು, ಮುಂದಿನ ಮಗು ತೊಡಬೇಕು. ಎರಡೇ ದಿನದಲ್ಲಿ ತಕರಾರು ಬಂತು. ಸುಡುವ ಮಧ್ಯಾಹ್ನದ ಸರದಿಯೂ ನಸುಕಿನ ಸರದಿಯೂ ಸಮ ಹೇಗಾಗುತ್ತದೆ? ಪ್ರಶ್ನೆ ನ್ಯಾಯವಾಗಿತ್ತು. ನಸುಕಿನ ಸರದಿಯನ್ನು ಯಾವ ಮಗುವಿಗೆ ಕೊಟ್ಟರೂ ಪಕ್ಷಪಾತವಾಗುತ್ತದೆ ಎಂಬ ಕಾರಣಕ್ಕೆ ಅದನ್ನು ಅನಾಥಾಲಯದ ಮೇಲ್ವಿಚಾರಕಿಯವರಿಗೆ ವಹಿಸಲಾಯಿತು. ಅವರು ಸಾಕಷ್ಟು ಮೈಕೈ ತುಂಬಿಕೊಂಡವರು. ಆದರೂ ಕರ್ತವ್ಯಕ್ಕೆ ಬೆನ್ನು ತೋರಿಸದೆ, ಉಸಿರು ಬಿಗಿ ಹಿಡಿದು ಸ್ವೆಟರಿನೊಳಗೆ ತೂರಿಕೊಂಡರು. ಗುಬ್ಬಿಯ ಸರದಿ ಮಧ್ಯಾಹ್ನ ಊಟವಾದ ಮೇಲೆ ಬರುತ್ತಿತ್ತು. ಬಿಸಿಲಲ್ಲಿ ಸ್ವೆಟರ್ ತೊಟ್ಟು ಬೆವರುತ್ತಾ ಕೂರುತ್ತಿದ್ದಳು, ಬೆಳಗಿನ ಜಾವ ಬರೀ ಫ್ರಾಕಿನಲ್ಲಿ ಕೆಮ್ಮುತ್ತಿದ್ದಳು.

ಒಂದು ವಾರಕ್ಕೆ ಸ್ವೆಟರ್ ಜೋತುಬಿತ್ತು. ಆಗ ನಿರ್ದೇಶಕರಿಗೆ ಹೊಳೆದ ಉಪಾಯ ನಮ್ಮೆಲ್ಲರ ಕಣ್ಣು ತೆರೆಸಿತು.

“ಬಿಚ್ಚಿಬಿಡಿ. ಎಳೆ ಎಳೆಯಾಗಿ ಬಿಚ್ಚಿ, ಸಮ ಅಳತೆಗೆ ಕತ್ತರಿಸಿ, ಮಕ್ಕಳಿಗೆಲ್ಲ ಹಂಚಿ. ಅದು ಹ್ಯಾಗೆ ಅನ್ಯಾಯ ಆಗುತ್ತೋ ನಾನೂ ನೋಡ್ತೀನಿ.”

ಬಿಚ್ಚುವ ಕೆಲಸಕ್ಕೆ ಟೆಂಡರ್ ಕರೆಯಲಾಯಿತು. ಹೆಣಿಗೆ ಬಿಚ್ಚುವುದರಲ್ಲಿ ಅನುಭವವಿದ್ದವರು ಯಾರೂ ಇರಲಿಲ್ಲವಾದ್ದರಿಂದ, ಅನುಭವವಿಲ್ಲದವರ ಪೈಕಿ ನಿರ್ದೇಶಕರ ಭಾವಮೈದ ಆಯ್ಕೆಯಾದರು. ಅವರಿಗೆ ಸಂದಾಯವಾದ ಹಣದಲ್ಲಿ ಅಷ್ಟೂ ಮಕ್ಕಳಿಗೆ ಹೊಸ ಸ್ವೆಟರ್ ಬರುತ್ತಿತ್ತು ಎಂದು ಕೆಲವು ಕಿಡಿಗೇಡಿಗಳು ಹಬ್ಬಿಸಿದರು. ಲೆಕ್ಕ ಗೊತ್ತಿಲ್ಲದವರ ಮಾತು ಇದು. ಸ್ವೆಟರ್ ಕೊಳ್ಳುವ ಅನುದಾನ ಬೇರೆ, ಬಿಚ್ಚುವ ಅನುದಾನ ಬೇರೆ. ನಮ್ಮಲ್ಲಿ ಇದ್ದದ್ದು ಎರಡನೆಯದು.

ಮನೆಯಲ್ಲಿ ಇದನ್ನು ಹೇಳಿದಾಗ ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. “ಅಲ್ರೀ, ನಿಮ್ಮ ಆಫೀಸಿನಲ್ಲಿ ಮಕ್ಕಳಿರೋರು ಯಾರೂ ಇಲ್ವಾ?”

“ಎಲ್ಲರಿಗೂ ಇದ್ದಾರೆ,” ಎಂದೆ. ಅವಳು ಒಳಗೆ ಹೋದಳು. ಆಡಳಿತದ ಸೂಕ್ಷ್ಮ ಮನೆಯವರಿಗೆ ಅರ್ಥವಾಗುವುದು ಕಷ್ಟ.

ಹಂಚಿಕೆಯ ಸಮಾರಂಭ ಚೆನ್ನಾಗಿ ನಡೆಯಿತು. ಮೈಕಿನಲ್ಲಿ ಪ್ರಕಟಣೆ ಹೊರಟಿತು: ‘ಮಾನ್ಯರೇ, ಇಂದಿನಿಂದ ಅನಾಥಾಲಯದ ಪ್ರತಿಯೊಂದು ಮಗುವೂ ಉಣ್ಣೆ ಧರಿಸಿದ ಮಗು.’ ಮಕ್ಕಳು ಸಾಲಾಗಿ ಬಂದು ಗೇಣುದ್ದದ ಎಳೆಯನ್ನು ತೆಗೆದುಕೊಂಡರು. ಕೆಲವರು ಮಣಿಕಟ್ಟಿಗೆ ಕಟ್ಟಿಕೊಂಡರು, ಒಬ್ಬ ಕಿವಿಗೆ ಸುತ್ತಿಕೊಂಡ. ನಿರ್ದೇಶಕರು ಓವರ್‌ಕೋಟಿನ ಜೇಬಿನಿಂದ ಕೈ ತೆಗೆದು ಒಂದು ಮಗುವಿನ ಕೆನ್ನೆ ತಟ್ಟಿದರು.

“ಬೆಚ್ಚಗಿದೆಯಾ ಮರಿ?”

“ತುಂಬಾ ಬೆಚ್ಚಗಿದೆ ಸರ್,” ಎಂದಿತು ಮಗು. ಮೇಲ್ವಿಚಾರಕಿಯವರು ಚೆನ್ನಾಗಿ ತರಬೇತಿ ಕೊಟ್ಟಿದ್ದರು.

ದಾನಿಗೆ ಪ್ರಶಂಸಾಪತ್ರ ಕೊಡಲು ಸಿಸ್ಟರಜ್ಜಿಯನ್ನು ವೇದಿಕೆಗೆ ಕರೆಯಲಾಯಿತು. ಅವರು ಏಳಲಿಲ್ಲ. ಗುಬ್ಬಿಯನ್ನು ತಮ್ಮ ಸೆರಗಿನೊಳಗೆ ಸುತ್ತಿಕೊಂಡು ಕೂತಿದ್ದರು. ಒಬ್ಬಳಿಗೆ ಮಾತ್ರ ಸೆರಗು ಹೊದಿಸುವುದು ಕೂಡ ಪಕ್ಷಪಾತವೇ ಎಂದು ಮೇಲ್ವಿಚಾರಕಿಯವರು ನನ್ನ ಕಿವಿಯಲ್ಲಿ ಹೇಳಿದರು. ವಯಸ್ಸಿಗೆ ಬೆಲೆ ಕೊಟ್ಟು ಕ್ರಮ ಕೈಗೊಳ್ಳಲಿಲ್ಲ.

ಮಕ್ಕಳೆಲ್ಲ ಉಣ್ಣೆ ಧರಿಸಿದವರಾದ್ದರಿಂದ ಆ ವರ್ಷದ ಕಂಬಳಿ ಖರೀದಿಯನ್ನು ಮೇಲಿನವರು ರದ್ದು ಮಾಡಿದರು. ಉಳಿತಾಯಕ್ಕಾಗಿ ನಮ್ಮ ಕಚೇರಿಗೆ ಮೆಚ್ಚುಗೆ ಬಂತು. ಹೀಟರ್ ಕೂಡ ಹೊಸದು ಬಂತು.

ಸಾರ್ವಜನಿಕರ ಸ್ಪಂದನೆಯೂ ಚೆನ್ನಾಗಿತ್ತು. ಒಬ್ಬ ಬಡಗಿ ತಾನೇ ಮಾಡಿದ ಮರದ ಕುದುರೆ ತಂದುಕೊಟ್ಟ. ಈಗ ಪ್ರತಿ ಮಗುವಿನ ಹತ್ತಿರವೂ ಕುದುರೆಯ ಒಂದೊಂದು ಚೂರು ಇದೆ. ಕಿವಿ ಸಿಕ್ಕವನು ಬಹಳ ಅದೃಷ್ಟವಂತ ಎಂದು ಉಳಿದವರು ಗೊಣಗಿದ್ದರಿಂದ ಕಿವಿಯನ್ನು ಪುಡಿ ಮಾಡಬೇಕಾಯಿತು.

ಚಳಿ ಏರಿದಾಗ ಗುಬ್ಬಿ ಆಸ್ಪತ್ರೆ ಸೇರಿದಳು. ಆಸ್ಪತ್ರೆಯಲ್ಲಿರುವಷ್ಟು ಕಾಲ ಅವಳು ಅನಾಥಾಲಯದ ಮಗುವಲ್ಲ. ಹಾಗಾಗಿ ಅವಳ ಪಾಲಿನ ಎಳೆಯನ್ನು ಮರಳಿ ಪಡೆದು ಉಳಿದ ಮಕ್ಕಳಿಗೆ ಹಂಚಬೇಕಿತ್ತು. ನಾನು ಕತ್ತರಿ ಜೇಬಿಗಿಳಿಸಿ ಹೊರಟೆ.

ವಾರ್ಡಿನಲ್ಲಿ ಫಿನಾಯಿಲ್ ವಾಸನೆ. ಗುಬ್ಬಿ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದಳು. ಉಸಿರೆಳೆದಾಗ ಎದೆಯೊಳಗೆ ಸದ್ದಾಗುತ್ತಿತ್ತು. ಸ್ಟೂಲಿನ ಮೇಲೆ ಕೂತಿದ್ದ ಸಿಸ್ಟರಜ್ಜಿ ನಾನು ಬಂದ ಕೆಲಸ ಕೇಳಿ ಎದ್ದು ನಿಂತರು.

“ನಾಚಿಕೆ ಆಗಲ್ವೇನಪ್ಪಾ ನಿನಗೆ?”

ಕರ್ತವ್ಯದ ಮೇಲೆ ಬಂದವನಿಗೆ ನಾಚಿಕೆ ಅನ್ವಯಿಸುವುದಿಲ್ಲ. ಅದನ್ನು ವಿವರಿಸುವಷ್ಟರಲ್ಲಿ ಹುಡುಗಿ ತಾನೇ ಕೈ ಮುಂದೆ ಮಾಡಿದಳು. ಮಣಿಕಟ್ಟಿನಲ್ಲಿ ಹಸಿರು ಎಳೆ ಇತ್ತು. ಗಂಟು ಬಿಗಿಯಾಗಿತ್ತು. ಕತ್ತರಿಸಿ ತೆಗೆದುಕೊಂಡೆ.

ಮಗುವಿಗೆ ಧೈರ್ಯ ಹೇಳುವುದು ನನ್ನ ಧರ್ಮ. “ನೀನು ಹುಷಾರಾಗಿ ವಾಪಸ್ ಬಾ ಪುಟ್ಟಿ. ಎಲ್ಲರ ಹತ್ರಾನೂ ಸ್ವಲ್ಪ ಸ್ವಲ್ಪ ಕತ್ತರಿಸಿ ನಿನಗೆ ಮತ್ತೆ ಕೊಡ್ತೀವಿ,” ಎಂದೆ.

ಗುಬ್ಬಿ ಬರಿದಾದ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು.

“ಬೇಡ ಅಂಕಲ್. ಪಾಪ, ಅವರಿಗೆ ಚಳಿ ಆಗುತ್ತೆ.”

ಸಿಸ್ಟರಜ್ಜಿ ಗೋಡೆಯ ಕಡೆ ತಿರುಗಿಕೊಂಡರು. ಆಕ್ಷೇಪಣೆ ಇಲ್ಲ ಎಂದು ಬರೆದುಕೊಂಡೆ.

ಈ ಮಾತನ್ನು ವರದಿ ಮಾಡಿದಾಗ ನಿರ್ದೇಶಕರ ಕಣ್ಣು ತುಂಬಿ ಬಂತು. ನಮ್ಮ ಕಚೇರಿಯ ಉದ್ದೇಶವನ್ನು ಕೊನೆಗೂ ಒಂದು ಮಗು ಅರ್ಥಮಾಡಿಕೊಂಡಿತಲ್ಲ ಎಂದರು. ಅವರ ಆದೇಶದಂತೆ ಗುಬ್ಬಿಯ ಆ ಮಾತನ್ನು ಅನಾಥಾಲಯದ ಅಂಗಳದ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದೇವೆ. ಮಕ್ಕಳು ದಿನಾ ಬೆಳಿಗ್ಗೆ ಸಾಲಾಗಿ ನಿಂತು, ನಡುಗುತ್ತಾ, ಒಕ್ಕೊರಲಿನಿಂದ ಓದುತ್ತಾರೆ.