ಶಿವಕಾಂತಾ ಹೇಳಿದ ನಾಲ್ಕು ‘ಬಸ್’

ಚಿಂತಾಕಿಯ ಟೇಲರ್ ಹಾವಗೆಪ್ಪನ ಹೆಂಡತಿ ಶಿವಕಾಂತಾಳಿಗೆ ಈ ಜಗತ್ತಿನ ಮೇಲೆ ಎರಡೇ ತಕರಾರು. ಒಂದು, ಊರಲ್ಲಿ ಇದ್ದ ಸರಕಾರಿ ಸೆರೆ ಅಂಗಡಿ. ಇನ್ನೊಂದು, ಊರಿಗೆ ಇಲ್ಲದ ಬೆಳಗಿನ ಬಸ್ಸು. ಇರಬಾರದ್ದು ಇತ್ತು, ಇರಬೇಕಾದದ್ದು ಇರಲಿಲ್ಲ. (ಗಂಡನ ತಲೆಯ ಬಗ್ಗೆಯೂ ಅವಳು ಇದನ್ನೇ ಹೇಳುತ್ತಿದ್ದಳು. ಅದು ಮನೆಯೊಳಗಿನ ಮಾತು, ಬಿಡಿ.)

ಮೊದಲ ಬಸ್ಸು ಹನ್ನೊಂದಕ್ಕೆ. ಔರಾದಿನ ಕಾಲೇಜು ಶುರುವಾಗುವುದು ಒಂಬತ್ತೂವರೆಗೆ. ಮಗಳು ಶೈಲಶ್ರೀ ಹತ್ತನೆಯ ತರಗತಿಯನ್ನು ಫಸ್ಟ್ ಕ್ಲಾಸಿನಲ್ಲಿ ದಾಟಿ, ಈ ಒಂದೂವರೆ ತಾಸನ್ನು ದಾಟಲಾಗದೆ ಮನೆಯಲ್ಲಿ ಕುಳಿತು, ಅಪ್ಪ ಹೊಲಿದ ಕುಪ್ಪಸಗಳಿಗೆ ಹುಕ್ಕು ಹಚ್ಚುತ್ತಿದ್ದಳು.

ಹಾವಗೆಪ್ಪ ಕೆಟ್ಟವನಲ್ಲ. ಸಂಜೆ ಐದಕ್ಕೆ ಮಿಷನ್ನಿಗೆ ಬಟ್ಟೆ ಹೊದಿಸಿ, ಸರಕಾರಿ ಅಂಗಡಿಯ ಕಿಂಡಿಯಲ್ಲಿ ಕೈ ಹಾಕಿ, ಸಣ್ಣದೊಂದು ಬಾಟಲಿ ತಂದು ತನ್ನ ಅಂಗಳದಲ್ಲೇ ಕುಳಿತು ಕುಡಿಯುತ್ತಿದ್ದ. ಅಂಗಡಿಯಲ್ಲಿ ಕೂಡಲು ಜಾಗವಿರಲಿಲ್ಲ. ಸರಕಾರ ಕುಡಿಸುತ್ತದೆ, ಕೂಡಿಸುವುದಿಲ್ಲ.

“ಮಗಳ ಮುಂದ ಕುಡೀಲಿಕ್ಕ ನಾಚಿಕಿ ಬರಲ್ಲೇನ್ರಿ?”

“ಯಾಕ ನಾಚಿಕಿ? ನಾ ಕುಡಿಯೂ ಒಂದೊಂದು ಹನೀನೂ ಖಜಾನಿಗೆ ಹೋಗ್ತದ. ಹದಿನೈದು ವರ್ಷ ಸರ್ವಿಸ್ ಆಯ್ತು ನಂದು. ಸರಕಾರ ಪೆನ್ಶನ್ ಕೊಡಬೇಕು!”

“ಕೊಡ್ತದ. ವಿಧವಾ ಪೆನ್ಶನ್. ಅದು ನನಗ ಬರ್ತದ.”

ಇಂಥ ಮಾತಿಗೆ ಹಾವಗೆಪ್ಪನೇ ಮೊದಲು ನಗುತ್ತಿದ್ದ. ಶೈಲಶ್ರೀ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದಳು.

ಒಂದು ದಿನ ಮೈಸೂರು ಕಡೆಯ ಹುಡುಗಿಯೊಬ್ಬಳು ಟ್ಯಾಬು ಹಿಡಿದು ಜನಾಭಿಪ್ರಾಯ ಕೇಳುತ್ತ ಅಂಗಳಕ್ಕೆ ಬಂದಳು. “ಸರ್ಕಾರಿ ಮದ್ಯದಂಗಡಿಗಳನ್ನ ಖಾಸಗಿಯವ್ರಿಗೆ ಕೊಟ್ಟು, ಆ ದುಡ್ಡಲ್ಲಿ ಹಳ್ಳಿಗಳಿಗೆ ಬಸ್ ಬಿಡ್ಬಹುದಾ? ನೀವೇನಂತೀರ ಅಮ್ಮಾ?”

ಉತ್ತರ ಗಂಡನಿಂದ ಬಂತು. “ಬ್ಯಾಡ್ರಿ ಮೇಡಂ! ಸರಕಾರದ್ದು ಸರಕಾರದ್ದೇ ಇರಲಿ. ಪ್ರೈವೇಟ್ ಮಂದಿ ನೀರು ಬೆರಸ್ತಾರ.” ಸಾರ್ವಜನಿಕ ಉದ್ದಿಮೆಗಳ ರಕ್ಷಣೆಗಾಗಿ ಅಂದು ಚಿಂತಾಕಿಯಲ್ಲಿ ಮೊಳಗಿದ ಏಕೈಕ ಕಂಠ ಅದು.

ಶಿವಕಾಂತಾ ಸಿಡಿದಳು. “ನೀವು ಸುಮ್ನಿರ್ರಿ! ಅಂಗಡಿ ಅವರದಾದ್ರೇನು, ಇವರದಾದ್ರೇನು? ಬಸ್! ನನಗಂತೂ ಬಸ್ ಆಗ್ಯಾದ. ಬಸ್ ಅಂದ್ರ ಬಸ್!”

ಬೀದರ ಸೀಮೆಯಲ್ಲಿ ‘ಸಾಕು’ ಎನ್ನಲು ‘ಬಸ್’ ಎನ್ನುತ್ತಾರೆ. ಮೈಸೂರಿನ ಕಡೆ ಬಸ್ಸೆಂದರೆ ಚಕ್ರವಿರುವುದು ಮಾತ್ರ. ಹುಡುಗಿ ಖುಷಿಯಿಂದ ಟ್ಯಾಬಿನ ಮೇಲೆ ಬೆರಳಾಡಿಸಿದಳು.

“ನಾಲ್ಕು ಸಲ ಹೇಳಿದ್ರಿ ಅಮ್ಮಾ! ‘ಬಸ್ ಅತ್ಯಗತ್ಯ, ಅಂಗಡಿ ಖಾಸಗಿಗೆ ಕೊಡಲು ಪೂರ್ಣ ಒಪ್ಪಿಗೆ’ ಅಂತ ಹಾಕಿದ್ದೀನಿ. ಸರಿ ತಾನೆ?”

ತಿದ್ದಲೆಂದು ಶಿವಕಾಂತಾ ಬಾಯಿ ತೆರೆದಳು. ಅಷ್ಟರಲ್ಲಿ ಹೊಸ್ತಿಲ ಬಳಿ ಕುಳಿತ ಮಗಳು ಕಣ್ಣಿಗೆ ಬಿದ್ದಳು. ಸೂಜಿ ಬಟ್ಟೆಯಲ್ಲಿ ಅರ್ಧ ಇಳಿದು ನಿಂತಿತ್ತು. ಶೈಲಶ್ರೀ ತಾಯಿಯನ್ನೇ ನೋಡುತ್ತಿದ್ದಳು.

“ಸರಿ ಅದ,” ಅಂದಳು ಶಿವಕಾಂತಾ, ಮೆಲ್ಲಗೆ.

ಮರುವರ್ಷ ಜೂನಿಗೆ ಬೆಳಿಗ್ಗೆ ಎಂಟರ ಬಸ್ಸು ಬಂತು. ಶೈಲಶ್ರೀ ಕಾಲೇಜಿಗೆ ಹೋದಳು. ಸೆರೆ ಅಂಗಡಿ ಭಾಲ್ಕಿಯ ಗುತ್ತಿಗೆದಾರನೊಬ್ಬನ ಕೈಸೇರಿ, ಬಸ್ ಸ್ಟಾಪಿನ ಎದುರಿಗೇ ತಗಡಿನ ಚಪ್ಪರ, ಕೆಂಪು ಕುರ್ಚಿ, ಫ್ಯಾನು ಇಟ್ಟುಕೊಂಡು ಕಂಗೊಳಿಸಿತು. ಸಾರ್ವಜನಿಕ ಉದ್ದಿಮೆಗಳ ರಕ್ಷಕನು ಒಂದೇ ಸಂಜೆಯಲ್ಲಿ ಪಕ್ಷ ಬದಲಿಸಿದ.

“ಪ್ರೈವೇಟ್ ಅಂದ್ರ ಪ್ರೈವೇಟೇ ನೋಡು ಶಿವಕಾಂತಾ. ಕೇಳಲಾರದೇ ಹುರಿದ ಶೇಂಗಾ ತಂದಿಡ್ತಾರ!”

ಅಂದಿನಿಂದ ಅವನ ಸಂಜೆಗಳೆಲ್ಲ ಅಲ್ಲಿಯೇ. ಅಂಗಳ ಬರಿದಾಯಿತು. ಶಿವಕಾಂತಾಳ ಬಳಿ ಬೈಗುಳಗಳು ಹಾಗೇ ಉಳಿದವು, ಬೈಯಿಸಿಕೊಳ್ಳುವವನಿರಲಿಲ್ಲ. ಹೀಗಾಗಿ ಅವಳು ದಿನಾ ಐದೂವರೆಗೆ ಮಗಳನ್ನು ಕರೆತರಲು ಸ್ಟಾಪಿಗೆ ಹೋಗತೊಡಗಿದಳು. ಬರುವ ಮಗಳೂ ಕಾಣುತ್ತಿದ್ದಳು, ಬಾರದ ಗಂಡನೂ ಕಾಣುತ್ತಿದ್ದ.

ಶ್ರಾವಣದಲ್ಲೊಂದು ಸಂಜೆ ಮಳೆ ಹೊಡೆಯಿತು. ಬಸ್ಸಿಗೆ ಹಣ ಬಂದಿತ್ತು, ಸ್ಟಾಪಿನ ಮಾಡಿಗೆ ಬಂದಿರಲಿಲ್ಲ. ಹಾವಗೆಪ್ಪ ಓಡಿಬಂದು ಹೆಂಡತಿಯ ತಲೆಯ ಮೇಲೆ ತನ್ನ ಟವೆಲು ಹಿಡಿದ.

“ಬಾ, ಒಳಗ ಕೂಡು. ತೊಯ್ದು ಜ್ವರ ತಂದ್ಕೊಂತಿ.”

“ಸತ್ರೂ ಬರಲ್ಲ ನಾ ಅಲ್ಲಿ.”

“ಸಾಯಬ್ಯಾಡ. ಬಸ್ ಬರೂತನಕ ಕೂಡು.”

ಅವಳು ಕೆಂಪು ಕುರ್ಚಿಯ ಅಂಚಿನಲ್ಲಿ, ತಲೆತುಂಬ ಸೆರಗು ಹೊದ್ದು ಕುಳಿತಳು. ಯಾರೋ ಶೇಂಗಾ ತಂದಿಟ್ಟರು. ಗಂಡ ಒಂದೊಂದರ ಸಿಪ್ಪೆ ತಿಕ್ಕಿ ಅವಳ ಅಂಗೈಗೆ ಹಾಕಿದ. (ಶೇಂಗಾ ಚೆನ್ನಾಗಿತ್ತು. ಇದನ್ನು ಅವಳು ಯಾರಿಗೂ ಹೇಳಿಲ್ಲ.) “ಕುಬರಾಬಾಯಿ ಕುಪ್ಪಸಕ್ಕ ಎರಡೂ ಎಡಗೈ ತೋಳು ಹಚ್ಚೇನಿ ಇವತ್ತು,” ಅಂದ. ಎಷ್ಟೋ ತಿಂಗಳ ಮೇಲೆ ಶಿವಕಾಂತಾ ಬಾಯ್ತುಂಬ ನಕ್ಕಳು.

ಸರಿಯಾಗಿ ಆಗಲೇ ಬಸ್ಸು ಬಂದು ಎದುರಿಗೆ ನಿಂತಿತು. ಕಿಟಕಿಗಳ ತುಂಬ ಕಾಲೇಜಿನ ಹುಡುಗಿಯರು.

“ಶೈಲಾ, ನಿಮ್ಮಪ್ಪನಂಗ ನಿಮ್ಮವ್ವ ಭೀ...?” ಅಂದ ಗೆಳತಿ ಜೇಬಾ ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದಳು.

ಶೈಲಶ್ರೀ ಇಳಿದು, ಛತ್ರಿ ಬಿಚ್ಚದೆ, ಮಳೆಯಲ್ಲಿ ಮುಂದೆ ಮುಂದೆ ನಡೆದಳು. ಹಿಂದೆ ಇಬ್ಬರೂ ತಪ್ಪು ಮಾಡಿದ ಮಕ್ಕಳಂತೆ ಬಂದರು.

“ಅವ್ವಾ, ನಾಳಿಂದ ಸ್ಟಾಪಿಗೆ ಬರಬ್ಯಾಡ,” ಅಂದಳು ಮನೆಯಲ್ಲಿ.

“ಮಳಿ ಇತ್ತು ಶೈಲಾ, ಅದಕ್ಕ...”

“ಗೊತ್ತದ. ಆದ್ರೂ ಬರಬ್ಯಾಡ.”

“ಅಕಿ ಬ್ಯಾಡ ಅಂದ್ರ ನಾ ಬರ್ತೇನಿ ಬಿಡು,” ಅಂದ ಹಾವಗೆಪ್ಪ.

“ನೀ ಬರೂದೇನದ ಅಪ್ಪಾ? ನೀ ಅಲ್ಲೇ ಇರ್ತಿ.”

ಮರುದಿನ ಐದೂವರೆಗೆ ಶಿವಕಾಂತಾ ಬಾಗಿಲಲ್ಲಿ ನಿಂತಿದ್ದಳು. ದೂರದಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಓಣಿಯ ತಿರುವಿನಲ್ಲಿ ಮಗಳು ಕಂಡೊಡನೆ, ಕಾದು ನಿಂತದ್ದು ತಿಳಿಯಬಾರದೆಂದು ಒಳಗೋಡಿ, ಪರಾತದಲ್ಲಿ ಜೋಳದ ಹಿಟ್ಟು ಸುರಿದು ಜೋರಾಗಿ ನಾದತೊಡಗಿದಳು.

ಶೈಲಶ್ರೀ ಚೀಲ ಇಳಿಸಿ ಪರಾತದೊಳಗೆ ಇಣುಕಿದಳು.

“ಅವ್ವಾ,” ಅಂದಳು, “ನೀರು ಹಾಕಿಲ್ಲ ನೀ.”