ಗಿರಣಿ ಭುಜಂಗನ ಹೆಡ್‌ಫೋನ್ ಪರೀಕ್ಷೆ

ಇದು ನಡೆದದ್ದೇ ಮಾರಾಯ್ರೇ. ಸುಳ್ಳಾದರೆ ಪುತ್ತಿಗೆಯ ಭುಜಂಗನ ಗಿರಣಿಯಲ್ಲಿರುವ ಅಷ್ಟೂ ಹಿಟ್ಟನ್ನು ನನ್ನ ತಲೆಗೆ ಸುರಿಯಿರಿ.

ಭುಜಂಗ ಕಿವಿ ಪೂರ್ತಿ ಮುಚ್ಚುವ, ವಯರಿಲ್ಲದ ಹೆಡ್‌ಫೋನ್ ತರಿಸಿದ್ದ. ಸಾವಿರದ ಚಿಲ್ಲರೆಯ ಮಾಲು. ಹೊರಗೆ ಗಿರಣಿ ಗಡಗಡ, ಒಳಗೆ ಯಕ್ಷಗಾನ!

"ಚೆಂಡೆಯ ಪೆಟ್ಟು ಹಲ್ಲಿಗೇ ತಾಗ್ತದೆ. ಭಾಗವತರು ಉಸಿರು ಎಳೆದದ್ದೂ ಕೇಳ್ತದೆ. ಒಮ್ಮೆ ಚಾರ್ಜಿಗಿಟ್ಟರೆ ವಾರಕ್ಕೆ ಚಿಂತೆ ಇಲ್ಲ. ಗಲ್ಫಿನದ್ದಕ್ಕೂ ಇದಕ್ಕೂ ಎಂತ ವ್ಯತ್ಯಾಸ ಉಂಟು?" ಅಕ್ಕಿ ತಂದವರಿಗೂ ಭಾಷಣ, ಗೋಧಿ ತಂದವರಿಗೂ ಭಾಷಣ.

ಅಂದು ಬೆಳಿಗ್ಗೆ ಒಂದು ಚೀಲ ಮೆಣಸು ಪುಡಿ ಮಾಡಿ ಮುಗಿಸಿದ್ದ. ಮೆಣಸಿನ ನಂತರ ಒಂದಿಷ್ಟು ನುಚ್ಚು ಹಾಕಿ ತಿರುಗಿಸಿ, ಖಾರವೆಲ್ಲ ಹೊರಗೆ ಬಂದ ಮೇಲೆಯೇ ಬೇರೆಯವರ ಅಕ್ಕಿ ಹಾಕುವುದು ಗಿರಣಿಯ ಕ್ರಮ. ನೆರೆಮನೆಯ ಜಲಜಾಕ್ಷಿ ಅಕ್ಕಿ ಕೊಟ್ಟವಳು ಕೂಗಿದಳು: "ಭುಜಂಗಾ, ಮೊದಲು ನುಚ್ಚು ಹಾಕು!"

ಭುಜಂಗ ತಲೆದೂಗಿದ. ಅವಳಿಗಲ್ಲ, ಭಾಗವತರಿಗೆ. ಅಕ್ಕಿ ನೇರ ಗಿರಣಿಯ ಬಾಯಿಗೆ ಹೋಯಿತು.

ಮಧ್ಯಾಹ್ನ ಜಲಜಾಕ್ಷಿ ಬಿರುಗಾಳಿಯ ಹಾಗೆ ಬಂದಳು. ಹಿಂದೆ ಅವಳ ಮಗ, ಕಾಲೇಜಿನ ವಿಜೇತ್.

"ಮಗಳನ್ನು ನೋಡಲು ಬಂದವರಿಗೆ ಆ ಹಿಟ್ಟಿನಲ್ಲೇ ರೊಟ್ಟಿ ಮಾಡಿ ಬಡಿಸಿದೆ! ಹುಡುಗಿ ಒಪ್ಪಿಗೆಯಾ ಅಂತ ಕೇಳಿದರೆ ಹುಡುಗ ಗಳಗಳ ಅಳುತ್ತಾನೆ! ಅವನ ಅಪ್ಪ ಇನ್ನೂ ಬಾವಿಕಟ್ಟೆ ಬಿಟ್ಟು ಎದ್ದಿಲ್ಲ!"

ಭುಜಂಗನ ಹೆಂಡತಿ ಹರಿಣಾಕ್ಷಿ ಅಲ್ಲೇ ಮೊಬೈಲ್ ತೆಗೆದು ರಿಟರ್ನ್ ಒತ್ತಿದಳು. ಸಂಜೆಯೊಳಗೆ ಕೊರಿಯರಿನವನೂ ಅಂಗಳಕ್ಕೆ ಬಂದ. ಭುಜಂಗ ಹೆಡ್‌ಫೋನನ್ನು ಹಾಲು ಕುಡಿಯುವ ಮಗುವಿನ ಹಾಗೆ ಎದೆಗೆ ಅವಚಿಕೊಂಡ.

"ಇಷ್ಟು ಒಳ್ಳೆ ಸ್ವರ ಎಲ್ಲಿಯೂ ಸಿಗ್ಲಿಕ್ಕಿಲ್ಲ! ಕಣ್ಣು ಕಟ್ಟಿ, ಹತ್ತು ಹೆಡ್‌ಫೋನ್ ಇಡಿ, ನನ್ನದನ್ನು ಹೇಳ್ತೇನೆ!"

"ಹತ್ತು ಬೇಡ, ಎರಡು ಸಾಕು," ಎಂದಳು ಹರಿಣಾಕ್ಷಿ. "ನನ್ನ ತಮ್ಮ ಪ್ರವೀಣ್ ದುಬೈಯಿಂದ ತಂದದ್ದು ಕಪಾಟಿನಲ್ಲುಂಟು. ಸರಿ ಹೇಳಿದರೆ ನಿಮ್ಮದು ಇಲ್ಲೇ ಇರಲಿ. ತಪ್ಪಿದರೆ ಕೊರಿಯರಿಗೆ."

"ಒಪ್ಪಿದೆ!"

ತಾಯಿಯ ಜೊತೆ ತಮಾಷೆ ನೋಡಲು ಮತ್ತೆ ಬಂದಿದ್ದ ವಿಜೇತ್ ಮುಂದೆ ಬಂದ. "ಅಂಪೈರ್ ನಾನು, ಭುಜಂಗಣ್ಣ." ಭುಜಂಗನ ಹೆಗಲಿನ ಬೈರಾಸಿನಿಂದಲೇ ಅವನ ಕಣ್ಣು ಕಟ್ಟಿ, ಒಂದು ಓಟ ತನ್ನ ಮನೆಗೆ ಹೋಗಿ ಬಂದ. ತಾಯಿ, ಹರಿಣಾಕ್ಷಿ, ಕೊರಿಯರಿನವ ಎಲ್ಲರೂ ಸುತ್ತ ನಿಂತರು.

ಮೊದಲನೆಯದು ಕಿವಿಗೇರಿತು. ಭುಜಂಗ ಕೇಳಿದ, ಮೂಗು ಮುರಿದ. "ಇದೇ ದುಬೈಯದ್ದು! ಬರೀ ಕ್ರಯ. ಚೆಂಡೆ ಅಂದರೆ ತಗಡು ಬಡಿದ ಹಾಗೆ. ತೆಗಿ ಮಾರಾಯ!"

ಎರಡನೆಯದು ಏರಿತು. ಭುಜಂಗನ ಮುಖ ಅರಳಿತು.

"ಇದು, ಇದು ನನ್ನದು! ಎಂತ ಬೇಸ್! ಗುಂ ಅಂತ ಎದೆಗೆ ಇಳೀತದೆ! ಭಾಗವತರು ಹೆಗಲ ಮೇಲೆ ಕೂತು ಹಾಡಿದ ಹಾಗೆ! ಅವರು ತಿಂದ ವೀಳ್ಯದ ಪರಿಮಳವೂ ಬರ್ತದಲ್ಲ! ಹರಿಣಾಕ್ಷೀ, ಸೋತಿ ನೀನು!"

ಕೊರಿಯರಿನವ ನಗು ತಡೆಯಲಾರದೆ ಹೊಟ್ಟೆ ಹಿಡಿದು ಕೂತ. ಹರಿಣಾಕ್ಷಿ ಬೈರಾಸು ಬಿಚ್ಚಿದಳು.

ಎದುರಿನ ಸ್ಟೂಲಿನ ಮೇಲೆ ಭುಜಂಗನ ಹೆಡ್‌ಫೋನ್, ಈಗಷ್ಟೇ ತಗಡೆಂದು ಬೈಸಿಕೊಂಡದ್ದು. ದುಬೈಯದ್ದು ಕಪಾಟಿನಿಂದ ಇಳಿದೇ ಇರಲಿಲ್ಲ. ಭುಜಂಗ ತಲೆ ಮುಟ್ಟಿ ನೋಡಿಕೊಂಡ. ವಿಜೇತನ ಅಕ್ಕನ ಹೇರ್‌ಬ್ಯಾಂಡು. ಅದರ ಎರಡು ತುದಿಗೆ ತೆಂಗಿನಕಾಯಿಯ ಎರಡು ಖಾಲಿ ಗೆರಟೆ. ಗೆರಟೆಯ ಅಂಚಿಗೆ ಪಾತ್ರೆ ತೊಳೆಯುವ ಹೊಸ ಸ್ಪಂಜು. ಬೆನ್ನ ಹಿಂದೆ, ಕಲೋತ್ಸವದ ಮಿಮಿಕ್ರಿಯಲ್ಲಿ ಎ ಗ್ರೇಡ್ ತಂದ ವಿಜೇತ್, ವೀಳ್ಯ ತುಂಬಿದ ಬಾಯಲ್ಲಿ ಇನ್ನೂ ಚೆಂಡೆ ಬಾರಿಸುತ್ತಿದ್ದ.

"ಅಕ್ಕನ ಖಾರದ ರೊಟ್ಟಿಯ ಲೆಕ್ಕಕ್ಕೆ ಇದು, ಭುಜಂಗಣ್ಣ."

ಜಲಜಾಕ್ಷಿ ಕಿಸಕ್ಕೆಂದಳು. ಹರಿಣಾಕ್ಷಿ ಸೆರಗು ಕಚ್ಚಿದಳು. ಕೊರಿಯರಿನವ ಕಣ್ಣೊರೆಸಿಕೊಂಡು, ಹೆಡ್‌ಫೋನನ್ನು ಡಬ್ಬಕ್ಕೆ ತುಂಬಿಸಿ ಬೈಕ್ ಹತ್ತಿದ. ಅಷ್ಟೂ ಜನರ ನಗುವನ್ನು ಮುಳುಗಿಸುವ ಹಾಗೆ, ಗಿರಣಿಯೇ ಸುರುವಾಯಿತೋ ಎಂಬಂತೆ ನಕ್ಕವನು ಭುಜಂಗ. ಗೆರಟೆಯನ್ನು ಕಿವಿಯಿಂದ ತೆಗೆಯಲೂ ಇಲ್ಲ.

"ಚಾರ್ಜ್ ಉಂಟಲ್ಲ ವಿಜೇತಾ? ಇನ್ನೊಂದು ಪದ ಹಾಕು ಮಾರಾಯ!"