ಹುಣಸೆಬೀಜದ ಬಂಡವಾಳ

ನಮ್ಮ ಕಾಕಾ ಜೂಜುಕೋರರು. ಇದನ್ನು ನಾನು ಪಿಸುಮಾತಿನಲ್ಲಿ ಹೇಳಬೇಕಾಗಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಅವರೇ ಎಲ್ಲರಿಗೂ ಹೇಳಿಕೊಂಡಿದ್ದಾರೆ. ಹೇಳದೆ ಉಳಿಸಿಕೊಂಡ ಸಂಗತಿ ಒಂದೇ. ಇಷ್ಟು ವರ್ಷಗಳಲ್ಲಿ ಅವರು ಒಂದು ರೂಪಾಯಿಯನ್ನೂ ಪಣಕ್ಕೆ ಇಟ್ಟವರಲ್ಲ. ಅವರು ಗೆಲ್ಲುವುದೂ ಸೋಲುವುದೂ ಬರೀ ಹುಣಸೆಬೀಜ!

ವಾರವೆಲ್ಲ ದಲಾಲಿ ಅಂಗಡಿಯಲ್ಲಿ ಕೂತು ಘಾಟಿಗೆ ಸೀನುವ ಈ ಮನುಷ್ಯ ಮೊಬೈಲ್ ನೋಡಿ ಪೋಕರ್ ಕಲಿತರು. ಕಲಿತು ಸುಮ್ಮನಿದ್ದರೆ? ಇಬ್ಬರು ಸ್ನೇಹಿತರಿಗೂ ಕಲಿಸಿದರು. ಒಬ್ಬರು ಹಾವೇರಿಯಲ್ಲಿರುವ ನಿವೃತ್ತ ಗಣಿತದ ಮಾಸ್ತರು, ಇನ್ನೊಬ್ಬರು ರಾಣೆಬೆನ್ನೂರಿನಲ್ಲಿ ಬಿತ್ತನೆಬೀಜದ ಅಂಗಡಿ ಇಟ್ಟಿರುವ ಸಾವ್ಕಾರರು. ಪ್ರತಿ ಭಾನುವಾರ ಮಧ್ಯಾಹ್ನ ಸರದಿಯಂತೆ ಒಬ್ಬರ ಮನೆಯಲ್ಲಿ ಆಟ. ಪಣದ ನಿಯಮ ಯಜಮಾನನ ಇಷ್ಟ.

ಹೀಗಾಗಿ ಊರಿಗೊಂದು ನಿಯಮವಾಯಿತು. ಹಾವೇರಿಯಲ್ಲಿ ಫಿಕ್ಸೆಡ್ ಲಿಮಿಟ್: ಒಂದು ಸಲಕ್ಕೆ ಒಂದೇ ಬೀಜ, ಏರಿಸಿದರೆ ಇನ್ನೊಂದು. ರಾಣೆಬೆನ್ನೂರಿನಲ್ಲಿ ಪಾಟ್ ಲಿಮಿಟ್: ನಡುವೆ ಎಷ್ಟು ಬೀಜ ಬಿದ್ದಿವೆಯೋ ಅಷ್ಟರವರೆಗೆ ಏರಿಸಬಹುದು. ಬ್ಯಾಡಗಿಯಲ್ಲಿ ನೋ ಲಿಮಿಟ್: ಮುಂದಿಟ್ಟುಕೊಂಡದ್ದನ್ನೆಲ್ಲ ಒಂದೇ ಏಟಿಗೆ ನೂಕಬಹುದು. ಕಾಕಾ ಇವಕ್ಕೆ ಕಟ್ಟಿದ ಆಟ, ರಾಶಿ ಆಟ, ಬಿಟ್ಟ ಆಟ ಎಂದು ಹೆಸರಿಟ್ಟರು. ಅವರ ಪ್ರೀತಿ ಯಾವುದರ ಮೇಲೆ ಎಂದು ಬೇರೆ ಹೇಳಬೇಕೆ? ‘ಕಟ್ಟಿದ ಆಟ ಅಂದ್ರ ಪಥ್ಯದ ಗಂಜಿರಿ. ಮಾಸ್ತರಗ ಅದ ಸೇರತೈತಿ’ ಎನ್ನುವುದು ಅವರ ತೀರ್ಪು.

ನಾನು ಸಂಖ್ಯಾಶಾಸ್ತ್ರ ಓದಿದವಳು. ಮನೆಯಲ್ಲಿ ಅದರ ಪ್ರಯೋಜನ ಪಡೆದವರು ಕಾಕಾ ಒಬ್ಬರೇ.

‘ಯವ್ವಾ, ಯಾವ ಆಟಕ್ಕ ಎಷ್ಟ ಬಂಡವಾಳ ಬೇಕು, ಲೆಕ್ಕಾ ಮಾಡಿ ಕೊಡು.’

ಪಣ ಕಟ್ಟಿಹಾಕಿದಲ್ಲಿ ಏರಿಳಿತ ಕಡಿಮೆ, ಬಿಟ್ಟಲ್ಲಿ ಹೆಚ್ಚು, ಏರಿಳಿತ ಹೆಚ್ಚಿದಷ್ಟೂ ಮನೆಯಲ್ಲಿ ದಾಸ್ತಾನು ಹೆಚ್ಚಿರಬೇಕು ಎಂದು ನಾಲ್ಕು ಪುಟ ಬರೆದುಕೊಟ್ಟೆ. ಅವರು ಅದನ್ನು ಮೂರು ಮಾತಿಗೆ ಇಳಿಸಿದರು. ಕಟ್ಟಿದ ಆಟಕ್ಕೆ ಅಂಗಿಯ ಜೇಬು ಸಾಕು. ರಾಶಿ ಆಟಕ್ಕೆ ಊಟದ ಡಬ್ಬಿ ಬೇಕು. ಬಿಟ್ಟ ಆಟಕ್ಕೆ ಮುಂದೆ ಎಷ್ಟು ಇಡುತ್ತೀರೋ ಅದರ ಇಪ್ಪತ್ತು ಪಟ್ಟು ಮನೆಯಲ್ಲಿರಬೇಕು. ನನ್ನ ನಾಲ್ಕು ಪುಟದಲ್ಲಿ ಅವರ ಹೆಂಡತಿ, ಅಂದರೆ ನಮ್ಮ ಕಾಕು, ಕರಿದ ಹಪ್ಪಳದ ಎಣ್ಣೆ ಇಳಿಸಿದರು.

ಒಮ್ಮೆ ರಾಣೆಬೆನ್ನೂರಿನ ಬಸ್ಸಿನಲ್ಲಿ ಆ ಡಬ್ಬಿ ಬಾಯಿ ತೆರೆದು ಬೀಜವೆಲ್ಲ ಸೀಟಿನಡಿ ಓಡಿತು. ಕಾಕಾ ಮೊಣಕಾಲೂರಿ ಆರಿಸತೊಡಗಿದರು.

‘ಬಿತ್ತಾಕ ಹೊಂಟೀರೇನ್ರಿ ಯಜಮಾನ್ರ?’ ಎಂದ ಕಂಡಕ್ಟರ್.

‘ಇಲ್ಲಪಾ, ಕಾಲ ಎತ್ತು. ಬಂಡವಾಳ ತುಳಿಯಾಕತ್ತೀದಿ.’

ಬೀಜ ಹಂಚುವುದು ಯುಗಾದಿಗೆ. ಹುಣಸೆ ಕುಟ್ಟಿ ಮುಗಿದ ಮೇಲೆ ಕಾಕು ಬೀಜ ಹುರಿದು ಕೊಡುತ್ತಾರೆ, ಬಂಡವಾಳಕ್ಕೆ ಹುಳ ಬೀಳಬಾರದಲ್ಲ! ತಲೆಗೆ ಆರುನೂರು. ಮುಗಿದರೆ ಮುಂದಿನ ಯುಗಾದಿಯವರೆಗೆ ಆಟಕ್ಕೆ ಬರುವಂತಿಲ್ಲ. ಸಾಲವಿಲ್ಲ, ದಾನವಿಲ್ಲ. ಈ ಕಾನೂನು ಬರೆದವರು ಮಾಸ್ತರು. ಕೆಂಪು ಮಸಿಯಲ್ಲಿ ಅಡಿಗೆರೆ ಎಳೆದವರೂ ಅವರೇ.

ಒಂದು ವರ್ಷ ಸಾವ್ಕಾರರು ಎಷ್ಟು ಸೋತರೂ ಅವರ ಡಬ್ಬಿ ಬರಿದಾಗಲಿಲ್ಲ. ಕಾಕಾ ಒಂದು ಬೀಜ ಕಡಿದು ನೋಡಿದರು.

‘ಸಾವ್ಕಾರ್ರ, ನಮ್ಮವು ಹುರಿದಾವು. ಇದು ಹಸೀದೈತಿ.’

ಸಾವ್ಕಾರರು ನಾಚಲಿಲ್ಲ. ‘ಇಷ್ಟ ವರ್ಷ ಅಂಗಡ್ಯಾಗ ಒಂದ ಖೋಟಾ ಬೀಜ ಮಾರಿಲ್ಲೋ ಮಾರಾಯಾ. ಆಸೆ ಒಂದ ಉಳಿದಿತ್ತು, ತೀರಿಸಿಕೊಂಡೆ.’ ದಂಡವಾಗಿ ಎಲ್ಲರಿಗೂ ಗಿರಮಿಟ್ಟು, ಮಿರ್ಚಿ ತಿನ್ನಿಸಿದರು.

ಕಾಕಾಗೆ ಲೋಕವೇ ಈ ಮೂರು ಆಟ. ಮೋಟೆಬೆನ್ನೂರಿನ ಮದುವೆಯೊಂದರಲ್ಲಿ ಬಡಿಸುವವನಿಗೆ, ‘ಅನ್ನ ಕಟ್ಟಿದ ಆಟ, ಹೋಳಿಗಿ ಬಿಟ್ಟ ಆಟ’ ಎಂದು ಅಪ್ಪಣೆ ಮಾಡಿದರು. ಹಿಂದಿನ ಸಾಲಿನಿಂದ ಕಾಕು ತಿರುಗಿಯೂ ನೋಡದೆ, ‘ಹೊಟ್ಟಿ ಬಂಡವಾಳ ನೋಡಿಕೊಂಡು ಆಡ್ರಿ’ ಎಂದರು. ಆರನೆಯ ಹೋಳಿಗೆಗೆ ಕಾಕಾ ದಿವಾಳಿಯಾದರು.

ಕಳೆದ ವರ್ಷ ದಸರೆ ಮುಗಿದ ಮೇಲೆ ಮಾಸ್ತರ ಹೆಂಡತಿ ತೀರಿಕೊಂಡರು. ತಿಂಗಳ ಮೇಲೆ ಮಾಸ್ತರು ಆಟಕ್ಕೆ ಬಂದರು. ಒಂದು ಬೀಜ ಇಡಲು ಎರಡು ಸಲ ಕನ್ನಡಕ ಒರೆಸಿಕೊಳ್ಳುತ್ತಿದ್ದ ಆ ಮನುಷ್ಯ ಬ್ಯಾಡಗಿಯಲ್ಲಿ ಚೀಲವನ್ನೇ ಮುಂದಿಟ್ಟುಕೊಂಡರು. ಇಸ್ಪೀಟೆಲೆ ಎತ್ತಿ ನೋಡದೆ ಹಿಡಿ ಹಿಡಿ ಬೀಜ ನೂಕತೊಡಗಿದರು. ಗೆದ್ದರೆ ಸಂತೋಷವಿಲ್ಲ, ಸೋತರೆ ಬೇಸರವಿಲ್ಲ. ಬ್ಯಾಡಗಿಯ ಸರದಿ ಎರಡು ಸಲ ಮುಗಿದು ಮೂರನೆಯದು ಬರುವಷ್ಟರಲ್ಲಿ ಆರುನೂರರಲ್ಲಿ ನಲವತ್ತು ಉಳಿದವು. ಯುಗಾದಿ ಇನ್ನೂ ದೂರವಿತ್ತು.

ಆ ವಾರ ಮಾಸ್ತರ ಸೊಸೆ ಕಾಕುವಿಗೆ ಫೋನ್ ಮಾಡಿದ್ದರು. ‘ಮಾವಾರು ಇಸ್ತ್ರಿ ಅಂಗಿ ಕೇಳೂದು ಐತಾರ ಒಂದ ದಿನಾರಿ. ಉಳಿದ ದಿನ ಗ್ವಾಡಿ ಕಡೆ ಮಾರಿ ಮಾಡಿ ಮಲಗಿರತಾರ’ ಎಂದರಂತೆ. ಐತಾರವೆಂದರೆ ಆಟದ ಭಾನುವಾರ.

ಕಾಕಾ ನನ್ನ ಎದುರು ಬಂದು ಕೂತರು. ‘ಯವ್ವಾ, ನಲವತ್ತ ಬೀಜ ಯುಗಾದಿತನಕ ಬಾಳಬೇಕು. ಹ್ಯಾಂಗ?’

‘ನೀವ ಒಂದಿಷ್ಟು ಕೊಟ್ಟಬಿಡ್ರಿ ಕಾಕಾ.’

‘ತಗೊಳ್ಳೂದಿಲ್ಲ. ಎದ್ದ ಹೊಕ್ಕಾರ.’

ಲೆಕ್ಕ ಹಾಕಿದೆ. ಬಿಟ್ಟ ಆಟದಲ್ಲಿ ನಲವತ್ತು ಬೀಜ ಒಂದು ಮಧ್ಯಾಹ್ನ. ರಾಶಿ ಆಟದಲ್ಲಿ ಎರಡು. ಮೂರೂ ಊರಲ್ಲಿ ಕಟ್ಟಿದ ಆಟವಾದರೆ ಶಿವರಾತ್ರಿಯವರೆಗೆ ಎಳೆಯಬಹುದು. ‘ಅರ್ಧ ಬೀಜದ ಪಣ ಇದ್ದಿದ್ರ ಯುಗಾದಿ ಮುಟ್ಟತಿತ್ತು’ ಎಂದೆ. ಅದು ಬರೀ ಕಾಗದದ ಮೇಲಿನ ಮಾತು.

ಕಾಕಾ ಎದ್ದು ಹೋಗಿ ಕಾಕುವಿನ ಅಡಕೊತ್ತು ತಂದರು. ಮೂರು ದಿನ ಸಂಜೆ ಕೂತು ತಮ್ಮ ಪಾಲಿನ ಬೀಜಗಳನ್ನು ಒಂದೊಂದಾಗಿ ಸೀಳಿದರು. ಹೆಬ್ಬೆರಳು ಬೊಬ್ಬೆಯೆದ್ದಿತು. ಸೀಳದೆ ಪುಡಿಯಾದವೂ ಇದ್ದವು, ಅವನ್ನು ತಮ್ಮ ನಷ್ಟಕ್ಕೆ ಬರೆದುಕೊಂಡರು.

ಭಾನುವಾರ ಮೂವರೂ ನಮ್ಮ ಪಡಸಾಲೆಯಲ್ಲಿ ಸೇರಿದರು. ಕಾಕಾ ಗಂಟಲು ಸರಿಮಾಡಿಕೊಂಡು, ‘ಇವತ್ತಿಂದ ಬ್ಯಾಡಗ್ಯಾಗೂ ಕಟ್ಟಿದ ಆಟ. ಅರ್ಧ ಬೀಜ. ಚಿಲ್ಲರೆ ನನ್ನ ಕಡೆ ಐತಿ’ ಎಂದರು. ರಾಣೆಬೆನ್ನೂರಿಗೂ ಇದೇ ನಿಯಮ ಎಂದು ಕಾಕಾ ಸಾವ್ಕಾರರೊಡನೆ ಮೊದಲೇ ಮಾತಾಡಿಟ್ಟಿದ್ದರು. ಆದರೂ ಅವರು ಕಾಲೆಳೆಯದೆ ಬಿಡಲಿಲ್ಲ.

‘ಏನ್ ದಲಾಲರ, ಮೆಣಸಿನಕಾಯಿ ರೇಟ ಅಷ್ಟ ಬಿದ್ದೈತೇನು?’

ಮಾಸ್ತರು ನಗಲಿಲ್ಲ. ಅರ್ಧ ಬೀಜವೊಂದನ್ನು ಎತ್ತಿ ಬೆಳಕಿಗೆ ಹಿಡಿದರು. ಆಮೇಲೆ ಕಾಕಾನ ಹೆಬ್ಬೆರಳನ್ನು ನೋಡಿದರು. ಬಹಳ ಹೊತ್ತು ನೋಡಿದರು.

‘ಯಾಕಪಾ, ಅಂಜಿದೇನು?’

ಪೇಟೆಯಲ್ಲಿ ಯಾವ ದರಕ್ಕೂ ಬೆದರದ ನಮ್ಮ ಕಾಕಾ ಎಲೆ ಕಲೆಸುತ್ತಲೇ ಇದ್ದರು. ತಲೆ ಎತ್ತಲಿಲ್ಲ.

‘ಹೂನ್ರಿ ಮಾಸ್ತರ. ಅಂಜೇನಿ.’

ಮಾಸ್ತರು ತಮ್ಮ ನಲವತ್ತು ಬೀಜ ಮುಂದೆ ಸರಿಸಿ, ಎಂಬತ್ತು ಅರ್ಧಗಳನ್ನು ಎರಡು ಸಲ ಎಣಿಸಿ ತೆಗೆದುಕೊಂಡರು. ಕಾಕಾ ಎಲೆ ಹಂಚಿದರು. ಮಾಸ್ತರು ಕನ್ನಡಕ ತೆಗೆದರು, ಅಂಗಿಯ ಚುಂಗಿಗೆ ಒರೆಸಿದರು, ಮತ್ತೆ ಹಾಕಿಕೊಂಡು ತಮ್ಮ ಎಲೆಗಳನ್ನು ಒಂದೊಂದಾಗಿ ಎತ್ತಿ ನೋಡಿದರು.